ಮಳೆಸಂಜೆಯ ಹೆದ್ದಾರಿಯೂ ಮಿದುಳಿನ ತೀರ್ಮಾನವೂ

ಪ್ರಶ್ನೆ: ನನಗೆ 46 ವರ್ಷ. ಸುರತ್ಕಲ್‌ನಿಂದ ಪಡುಬಿದ್ರಿಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಮಳೆಗಾಲದ ಸಂಜೆ ಹೆದ್ದಾರಿ ದಾಟುವಾಗ, ಬರುತ್ತಿರುವ ವಾಹನ ಎಷ್ಟು ದೂರದಲ್ಲಿದೆ ಎಂದು ನಿರ್ಧರಿಸಲು ತಡವಾಗುತ್ತದೆ. ಮಿದುಳು ಚುರುಕಾಗಲು ಮಾತ್ರೆ ಇದೆಯೇ?

ಉತ್ತರ: ಮಾತ್ರೆ ಇಲ್ಲ. ಪ್ರತಿ ಮಳೆಗಾಲದಲ್ಲೂ ಇದನ್ನೇ ಬರೆಯುತ್ತಿದ್ದೇನೆ.

ಕಣ್ಣು ಕಳಿಸಿದ ಮೊದಲ ಸುದ್ದಿಯನ್ನೇ ನಂಬಿ ಮಿದುಳು ತೀರ್ಮಾನಕ್ಕೆ ಬರುವುದಿಲ್ಲ. ಕ್ಷಣಕ್ಷಣಕ್ಕೂ ಬರುವ ಪುರಾವೆಯನ್ನು ಕೂಡಿಸುತ್ತಾ ಹೋಗಿ, ಮೊತ್ತವು ಒಂದು ಮಟ್ಟ ಮುಟ್ಟಿದಾಗ ಮಾತ್ರ ಕೈಕಾಲಿಗೆ ಅಪ್ಪಣೆ ಕೊಡುತ್ತದೆ. ನರವಿಜ್ಞಾನಿ ವಿಲಿಯಂ ನ್ಯೂಸಮ್ ಮತ್ತು ಸಂಗಡಿಗರು ಮಂಗಗಳಿಗೆ ಪರದೆಯ ಮೇಲೆ ಚದುರಿ ಓಡುವ ಚುಕ್ಕೆಗಳನ್ನು ತೋರಿಸಿ, ಅವುಗಳಲ್ಲಿ ಒಂದು ಪಾಲು ಮಾತ್ರ ಒಂದೇ ದಿಕ್ಕಿಗೆ ಸಾಗುವಂತೆ ಮಾಡಿ, ಆ ದಿಕ್ಕು ಯಾವುದೆಂದು ಗುರುತಿಸಲು ಕಲಿಸಿದರು. ಚಲನೆಯನ್ನು ಗ್ರಹಿಸುವ ಹೆಚ್ಚಿನ ನರಕೋಶಗಳು ಒಂದೊಂದೂ ಇಡೀ ಮಂಗನಷ್ಟೇ ನಿಖರವಾಗಿ ದಿಕ್ಕನ್ನು ಸೂಚಿಸಬಲ್ಲವೆಂದು 1989ರಲ್ಲಿ ಅವರು ತೋರಿಸಿದರು. ಮಿದುಳಿನ ಮೇಲ್ಗಡೆ ಹಿಂಬದಿಗಿರುವ ಪಾರ್ಶ್ವಕ ಭಾಗದ ಕೆಲವು ನರಕೋಶಗಳ ಮಿಡಿತವು ಸುಳಿವು ಸ್ಪಷ್ಟವಿದ್ದಾಗ ಬೇಗನೆ, ಮಸುಕಾಗಿದ್ದಾಗ ನಿಧಾನವಾಗಿ ಏರುವುದನ್ನು ಮುಂದಿನ ಪ್ರಯೋಗಗಳು ಕಂಡವು. ಆ ಭಾಗವೇ ತೀರ್ಮಾನದ ಪೀಠವೆಂದು ಹೇಳುವಂತಿಲ್ಲ, ಏಕೆಂದರೆ ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೂ ಮಂಗಗಳ ಆಯ್ಕೆ ಕೆಡಲಿಲ್ಲವೆಂದು 2016ರಲ್ಲಿ ವರದಿಯಾಯಿತು.

ಹೀಗಾಗಿ ನಿಮ್ಮ ತಡ ರೋಗವಲ್ಲ. ಮಳೆಯಲ್ಲಿ ಪುರಾವೆಯೇ ತೆಳುವಾಗಿದೆ. ಎರಡು ಹೆಡ್‌ಲೈಟುಗಳ ನಡುವಿನ ಅಂತರ ಹಿಗ್ಗುವುದು ವಾಹನದ ದೂರ ಮತ್ತು ವೇಗಕ್ಕೆ ಒಳ್ಳೆಯ ಸುಳಿವು, ಆದರೆ ಒಂದು ದೀಪ ಕೆಟ್ಟ ಲಾರಿ ದೂರದ ಬೈಕಿನಂತೆ ಕಾಣುತ್ತದೆ. ಗೀರು ಬಿದ್ದ ಹೆಲ್ಮೆಟ್ ಗಾಜಿನಲ್ಲಿ ಆ ಒಂದು ದೀಪವೂ ನಕ್ಷತ್ರದಂತೆ ಹರಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಅರ್ಧ ಸೆಕೆಂಡಿನಲ್ಲಿ 8 ಮೀಟರ್ ಹತ್ತಿರ ಬಂದಿರುತ್ತದೆ. ಆಗ ಹಿಂದಿನ ಬಸ್ಸು ಹಾರ್ನ್ ಹಾಕಿದರೆ ಅವಸರಕ್ಕೆ ತೀರ್ಮಾನದ ಮಟ್ಟ ತಗ್ಗುತ್ತದೆ, ಅರೆಬರೆ ಪುರಾವೆಗೇ ನೀವು ದಾಟಿಬಿಡುತ್ತೀರಿ. ನನ್ನ ಭಯ ನಿಮ್ಮ ತಡಕ್ಕಿಂತ ಈ ಅವಸರದ್ದು. ಹೆಲ್ಮೆಟ್ ಗಾಜು ಬದಲಿಸಿ, ಕಣ್ಣಿನ ಪೊರೆಯಿದೆಯೇ ಎಂದು ತೋರಿಸಿಕೊಳ್ಳಿ, ಹಾರ್ನಿಗೆ ಕಿವಿಗೊಡಬೇಡಿ. ನಾನಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತಲಾದ ಮೇಲೆ ದ್ವಿಚಕ್ರ ವಾಹನ ಮುಟ್ಟುವುದಿಲ್ಲ. ಅತಿಯಾಯಿತೆಂದು ಮನೆಯವರು ನಗುತ್ತಾರೆ.

ಪ್ರಶ್ನೆ: ನಾವು ಮಿದುಳಿನ ಶೇಕಡಾ 10 ಭಾಗ ಮಾತ್ರ ಬಳಸುತ್ತೇವೆಯೇ?

ಉತ್ತರ: ಇಲ್ಲ.

ಪ್ರಶ್ನೆ: ತಿಮರೆ (ಒಂದೆಲಗ) ಚಟ್ನಿ ತಿಂದರೆ ನಿರ್ಧಾರಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಗಂಜಿಗೆ ಒಳ್ಳೆಯದು, ತಿನ್ನಿ.

ಪ್ರಶ್ನೆ: ಉಡುಪಿಯ ಒಂದು ಶಿಬಿರದಲ್ಲಿ ಮಧ್ಯಮಿದುಳನ್ನು ಜಾಗೃತಗೊಳಿಸಿ, ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓದುವಂತೆ ಮಾಡುತ್ತಾರಂತೆ. ಮಗಳನ್ನು ಸೇರಿಸಲೇ?

ಉತ್ತರ: ಸೇರಿಸಬೇಡಿ. ನಿಮ್ಮ ಮಗಳ ಮಧ್ಯಮಿದುಳು ಹುಟ್ಟಿದಂದಿನಿಂದ ಎಚ್ಚರವಾಗಿಯೇ ಇದ್ದು ಅವಳ ಕಣ್ಣುಗಳನ್ನು ತಿರುಗಿಸುತ್ತಿದೆ. ಆ ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಈಗಾಗಲೇ ಹಣ ಕಟ್ಟಿದ್ದರೆ, ಪುಸ್ತಕವನ್ನು ಮಗುವಿನ ಹಣೆಯ ಎತ್ತರಕ್ಕೆ ಹಿಡಿದು ಓದಿಸಿ ನೋಡಿ, ಆಮೇಲೆ ಶುಲ್ಕ ವಾಪಸು ಕೇಳಿ.