ಶ್ರೀಮಂತರು ಕಾನೂನುಬದ್ಧವಾಗಿಯೇ ತೆರಿಗೆ ತಪ್ಪಿಸಿಕೊಂಡರೆ ಅದರಲ್ಲಿ ಅನ್ಯಾಯವೇನಿದೆ?

ಅಪರಾಧವಿಲ್ಲ, ಆದರೆ ಅನ್ಯಾಯವಿದೆ. ಅದರ ಹೆಚ್ಚಿನ ಹೊಣೆ ಕಾನೂನು ಬರೆದವರದು ಎಂಬುದು ನನ್ನ ಖಚಿತ ಅಭಿಪ್ರಾಯ.

1961ರ ಆದಾಯ ತೆರಿಗೆ ಕಾಯ್ದೆಯ 54ಎಫ್ ಸೆಕ್ಷನ್ ನೋಡಿ. ಷೇರಿನಂತಹ ದೀರ್ಘಾವಧಿ ಆಸ್ತಿಯನ್ನು ಮಾರಿ ಬಂದ ಹಣವನ್ನೆಲ್ಲ ಒಂದು ವಾಸದ ಮನೆಗೆ ಹಾಕಿದರೆ ಲಾಭದ ಮೇಲೆ ತೆರಿಗೆ ಇರಲಿಲ್ಲ. ಮನೆಗಳ ಕೊರತೆ ನೀಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಮನೆಯ ಬೆಲೆಗೆ ಮಿತಿಯೇ ಇರಲಿಲ್ಲ. 2022ರಲ್ಲಿ ಒಬ್ಬರು 50 ಕೋಟಿಗೆ ಷೇರು ಮಾರಿದರು, ಅದರಲ್ಲಿ 40 ಕೋಟಿ ಲಾಭ ಎಂದುಕೊಳ್ಳಿ. ಆಗಿನ ಶೇ 10ರ ದರದಲ್ಲಿ, ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ ಬಿಟ್ಟರೂ, ಸುಮಾರು 4 ಕೋಟಿ ತೆರಿಗೆ. ಅಷ್ಟೂ ಹಣಕ್ಕೆ ಬಂಗಲೆ ಕೊಂಡರೆ ಸೊನ್ನೆ! ಅದೇ ಹೊತ್ತಿಗೆ ಬಾಡಿಗೆ ಮನೆಯ ಸಂಬಳದಾರನಿಗೆ ಮೂಲದಲ್ಲೇ ತೆರಿಗೆ (ಟಿಡಿಎಸ್) ಮುರಿದುಕೊಂಡ ಮೇಲೆಯೇ ಸಂಬಳ ಕೈಸೇರುತ್ತಿತ್ತು. ಅವನಿಗೆ ತೆರಿಗೆ ಉಳಿಸುವ ಯೋಜನೆ ಹಾಕಲು ಜಾಗವೆಲ್ಲಿ?

2023ರ ಬಜೆಟ್ ಈ ವಿನಾಯಿತಿಗೆ 10 ಕೋಟಿಯ ಮಿತಿ ಹಾಕಿತು. ಮಿತಿ ಇನ್ನೂ ಕೆಳಗಿರಬೇಕಿತ್ತು. 10 ಕೋಟಿಯ ಮನೆಗೆ ಸಾರ್ವಜನಿಕರ ನೆರವು ಯಾಕೆ?

ತೆರಿಗೆ ಉಳಿಸುವುದಕ್ಕೆಂದೇ ಹೂಡಿದ ಪೊಳ್ಳು ವ್ಯವಹಾರಗಳ ಮಾತು ಬೇರೆ. ಅಂಥವನ್ನು ತೆರಿಗೆ ಯೋಜನೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 1985ರ ಮೆಕ್‌ಡೊವೆಲ್ ಕಂಪನಿಯ ಪ್ರಕರಣದಲ್ಲೇ ಹೇಳಿದೆ. 2017ರ ಏಪ್ರಿಲ್‌ನಿಂದ ಅವುಗಳನ್ನು ತಡೆಯುವ ಜಿಎಎಆರ್ ನಿಯಮಗಳೂ ಜಾರಿಯಲ್ಲಿವೆ. ಆದರೆ ಸಂಸತ್ತೇ ತೆರೆದಿಟ್ಟ ಬಾಗಿಲನ್ನು ಮುಚ್ಚಬೇಕಾದದ್ದು ಸಂಸತ್ತೇ.