ಮನೆ ಚಿಂಚವಡದಲ್ಲಿ, ಲ್ಯಾಪ್‌ಟಾಪ್ ಹೇಳುವುದು ಚೆನ್ನೈ

ಪ್ರಶ್ನೆ: ಎರಡು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ಪುಣೆಯ ಚಿಂಚವಡಕ್ಕೆ ಮನೆ ಬದಲಿಸಿದೆವು. ವೈಫೈ ರೂಟರ್ ಹಳೆಯದೇ, ಕನೆಕ್ಷನ್ ಮಾತ್ರ ಇಲ್ಲಿ ಹೊಸದು. ಲ್ಯಾಪ್‌ಟಾಪ್‌ನಲ್ಲಿ ಹವಾಮಾನ ಹುಡುಕಿದರೆ ಚೆನ್ನೈಯದು ಬರುತ್ತದೆ. ಟಿವಿಯಲ್ಲಿ ತಮಿಳು ಜಾಹೀರಾತು. ಅತ್ತೆಯವರ ಫೋನ್ ಮನೆಯೊಳಗಿದ್ದಾಗ ಹುಬ್ಬಳ್ಳಿಯ ವಿದ್ಯಾನಗರ ತೋರಿಸುತ್ತದೆ. ಮೊನ್ನೆ ಅವರ ಬಿಪಿ ಮಾತ್ರೆಯ ಆರ್ಡರ್ ಅಲ್ಲಿಗೇ ಹೋಗುವುದರಲ್ಲಿತ್ತು. ಯಾರಾದರೂ ಹ್ಯಾಕ್ ಮಾಡಿದ್ದಾರಾ? ಕನೆಕ್ಷನ್ ಕೊಟ್ಟವರು ರೂಟರ್ ಬದಲಿಸಿ ಅನ್ನುತ್ತಿದ್ದಾರೆ.
– ಓದುಗರೊಬ್ಬರು, ಚಿಂಚವಡ

ಉತ್ತರ: ಹೊಸ ರೂಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಹ್ಯಾಕ್ ಆಗಿರುವ ಲಕ್ಷಣವೂ ಇದಲ್ಲ. ಲ್ಯಾಪ್‌ಟಾಪ್ ಒಂದು ಊರು ಹೇಳುತ್ತಿದೆ, ಫೋನ್ ಇನ್ನೊಂದು ಊರು. ಅಂದರೆ ನಿಮ್ಮ ಮನೆಯಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿಕೊಂಡಿವೆ. ಎರಡರ ಮೂಲವೂ ಬೇರೆ, ಮದ್ದೂ ಬೇರೆ.

ಮೊದಲು ಅತ್ತೆಯವರ ಫೋನ್ ನೋಡೋಣ. ರೂಟರ್ ತಿರುಗಿಸಿ ಅಡಿಯ ಚೀಟಿ ನೋಡಿ. ಮ್ಯಾಕ್ ಅಂತ ಬರೆದು ಮುಂದೆ 12 ಅಕ್ಷರ, ಅಂಕಿಗಳಿರುತ್ತವೆ. ಇದಕ್ಕೆ ಹೊಂದಿಕೊಂಡ ಒಂದು ಗುರುತನ್ನು ರೂಟರ್ ಸುತ್ತಮುತ್ತ ಸಾರುತ್ತಲೇ ಇರುತ್ತದೆ. ಲೊಕೇಶನ್ ಆನ್ ಇರುವ ಫೋನುಗಳು ಈ ಗುರುತು ಎಲ್ಲಿ ಸಿಕ್ಕಿತು ಅನ್ನುವುದನ್ನು ಗೂಗಲ್, ಆಪಲ್‌ಗೆ ತಿಳಿಸುತ್ತವೆ. ನಿಮ್ಮ ರೂಟರ್ ವಿದ್ಯಾನಗರದಲ್ಲಿ ಇದ್ದಷ್ಟು ಕಾಲ ಆ ಲೆಕ್ಕ ಅಲ್ಲೇ ಗಟ್ಟಿಯಾಗಿದೆ. ಒಳಗಿನ ಕೋಣೆಗೆ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ. ಆಗ ಫೋನ್ ಈ ಹಳೆಯ ಲೆಕ್ಕವನ್ನೇ ನಂಬುತ್ತದೆ.

ವೈಫೈ ಹೆಸರು ಬದಲಿಸಿದರೆ ಸಾಲದಾ ಅಂತ ಸುಮಾರು ಜನ ಕೇಳುತ್ತಾರೆ. ಸಾಲದು. ಹೆಸರು ಬದಲಾದರೂ ಗುರುತು ಅದೇ ಇರುತ್ತದೆ. ಬದಲಿಗೆ ಹೀಗೆ ಮಾಡಿ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ, ಅದರೊಳಗಿನ ಲೊಕೇಶನ್ ಆಕ್ಯುರೆಸಿ ಕೂಡ ಆನ್ ಮಾಡಿ. ವೈಫೈ ಆಫ್ ಮಾಡಬೇಡಿ. ಬಾಲ್ಕನಿಯಲ್ಲಿ ನಿಂತು ಮ್ಯಾಪ್ ತೆರೆದು, ನೀಲಿ ಚುಕ್ಕೆ ನಿಮ್ಮ ಕಟ್ಟಡದ ಮೇಲೆ ಬಂದು ಕೂರುವವರೆಗೆ ಕಾಯಿರಿ. ಮನೆಯವರೆಲ್ಲ ಕೆಲವು ದಿನ ಹೀಗೇ ಮಾಡಿದರೆ ಹೊಸ ಜಾಗದ ಲೆಕ್ಕ ಕ್ರಮೇಣ ಸೇರಿಕೊಳ್ಳುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ವೈಫೈ ಹೆಸರಿನ ಕೊನೆಗೆ _nomap ಅಂತ ಕೂಡಿಸಿ ಬರೆಯಿರಿ. ಈ ರೂಟರನ್ನು ಜಾಗ ಗುರುತಿಸಲು ಬಳಸಬೇಡ ಅಂತ ಗೂಗಲ್‌ಗೆ ಹೇಳುವ ರೀತಿ ಅದು.

ಇನ್ನು ಚೆನ್ನೈ. ಲ್ಯಾಪ್‌ಟಾಪ್, ಟಿವಿಯಲ್ಲಿ ಸಾಮಾನ್ಯವಾಗಿ ಜಿಪಿಎಸ್ ಇರುವುದಿಲ್ಲ. ವೆಬ್‌ಸೈಟುಗಳು ನಿಮ್ಮ ಐಪಿ ವಿಳಾಸ ನೋಡಿ ಊರನ್ನು ಅಂದಾಜು ಮಾಡುತ್ತವೆ. ಐಪಿ ಅನ್ನುವುದು ಬರೀ ಸಂಖ್ಯೆ, ಅದರೊಳಗೆ ಊರಿನ ಹೆಸರು ಇರುವುದಿಲ್ಲ. ಯಾವ ಸಂಖ್ಯೆ ಯಾವ ಊರಿನದು ಅನ್ನುವ ಪಟ್ಟಿಯನ್ನು ಮ್ಯಾಕ್ಸ್‌ಮೈಂಡ್, ಐಪಿ ಇನ್ಫೋ ಥರದ ಕಂಪನಿಗಳು ಇಟ್ಟುಕೊಂಡಿರುತ್ತವೆ. ನಿಮ್ಮ ಕನೆಕ್ಷನ್‌ನವರು ಮೊದಲು ಚೆನ್ನೈಯಲ್ಲಿ ಬಳಸುತ್ತಿದ್ದ ಸಂಖ್ಯೆಗಳನ್ನು ಪುಣೆಗೆ ತಂದಿದ್ದರೆ, ಪಟ್ಟಿ ಹಳೆಯದಾಗಿಯೇ ಉಳಿದಿರುತ್ತದೆ.

ಈ ಅಂದಾಜನ್ನು ಅತಿಯಾಗಿ ನಂಬಿದರೆ ಏನಾಗುತ್ತದೆ ಅನ್ನುವುದು 2016ರಲ್ಲಿ ಬೆಳಕಿಗೆ ಬಂತು. ಅಮೆರಿಕದಲ್ಲಿದೆ ಅನ್ನುವುದಷ್ಟೇ ಗೊತ್ತಿದ್ದ ಕೋಟಿಗಟ್ಟಲೆ ಐಪಿಗಳಿಗೆ ಮ್ಯಾಕ್ಸ್‌ಮೈಂಡ್ ದೇಶದ ನಡುವಿನ ಒಂದು ಬಿಂದು ಕೊಟ್ಟಿತ್ತು. ಅದು ಕನ್ಸಾಸ್‌ನ ಒಂದು ತೋಟದ ಮನೆಯ ಮೇಲೆ ಬೀಳುತ್ತಿತ್ತು. ಏನೂ ಮಾಡದ ಆ ಮನೆಯವರ ಬಾಗಿಲಿಗೆ ವರ್ಷಗಟ್ಟಲೆ ಪೊಲೀಸರು ಬಂದರು. ಹಾಗಾಗಿ ಊರು ತಪ್ಪಿದ್ದರೆ ಹೋಗಲಿ ಬಿಡಿ ಅನ್ನುವವನು ನಾನಲ್ಲ, ತಿದ್ದಿಸಲೇಬೇಕು.

ತಿದ್ದಿಸುವ ಮುಂಚೆ ಒಂದು ಪರೀಕ್ಷೆ. ಆಫೀಸಿನ ಲ್ಯಾಪ್‌ಟಾಪ್ ಆದರೆ ವಿಪಿಎನ್, ಅಂದರೆ ಇಂಟರ್ನೆಟ್ಟನ್ನು ಕಂಪನಿಯ ಸರ್ವರ್ ಮೂಲಕ ಹಾಯಿಸುವ ವ್ಯವಸ್ಥೆ, ಆಫ್ ಮಾಡಿ ನೋಡಿ. ಕಂಪನಿಯ ಸರ್ವರ್ ಚೆನ್ನೈಯಲ್ಲಿದ್ದರೆ ಲ್ಯಾಪ್‌ಟಾಪ್ ಚೆನ್ನೈ ಅನ್ನುವುದು ಸಹಜ. ಆದರೆ ಟಿವಿಯೂ ಅದೇ ಹೇಳುತ್ತಿದೆ ಅಲ್ವಾ, ಹಾಗಾಗಿ ನಿಮ್ಮಲ್ಲಿ ತಪ್ಪು ಐಪಿಯದೇ ಇರಬೇಕು. ರೂಟರನ್ನು ಒಂದು ರಾತ್ರಿ ಆಫ್ ಮಾಡಿಡಿ, ಬೇರೆ ಐಪಿ ಸಿಕ್ಕರೂ ಸಿಗಬಹುದು. ಬಳಿಕ ನಿಮ್ಮ ಐಪಿಯನ್ನು, ಐಪಿಯ ಊರು ತೋರಿಸುವ ಮೂರು ಬೇರೆ ಬೇರೆ ಸೈಟುಗಳಲ್ಲಿ ಹಾಕಿ ನೋಡಿ. ಒಂದು ಮಾತ್ರ ಚೆನ್ನೈ ಅಂದರೆ ಆ ಕಂಪನಿಯ ತಿದ್ದುಪಡಿ ಫಾರಂ ತುಂಬಿ. ಗೂಗಲ್‌ಗೂ ಇಂಥದೇ ಫಾರಂ ಇದೆ. ಮೂರೂ ಚೆನ್ನೈ ಅಂದರೆ ಕೆಲಸ ಕನೆಕ್ಷನ್ ಕೊಟ್ಟವರದು. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕನೆಕ್ಷನ್‌ನವರು ರೂಟರಿಗೆ ಕೊಟ್ಟ ಐಪಿ, 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಒಂದೇ ಹೊರ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ಆಗಂತೂ ಅವರೇ ಸರಿಪಡಿಸುವುದು ಒಳ್ಳೆಯದು, ಅಕ್ಕಪಕ್ಕದ ಮನೆಗಳಿಗೂ ಅದೇ ತೊಂದರೆ ಇರುತ್ತದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ರೂಟರ್ ರೀಸ್ಟಾರ್ಟ್ ಮಾಡಿ ಅನ್ನುವುದೇ ಜಾಸ್ತಿ. ಸುಮ್ನೆ ವಾದ ಮಾಡಬೇಡಿ. ನಿಮ್ಮ ಐಪಿ, ತಾರೀಖು, ಮೂರು ಸೈಟುಗಳ ಸ್ಕ್ರೀನ್‌ಶಾಟ್ ಸೇರಿಸಿ ಇಮೇಲ್ ಬರೆಯಿರಿ. ದೂರನ್ನು ನೆಟ್‌ವರ್ಕ್ ಟೀಮಿಗೆ ಕಳಿಸಿ, ಜಿಯೋಫೀಡ್‌ನಲ್ಲಿ ಈ ಐಪಿಗೆ ಪುಣೆ ಅಂತ ತಿದ್ದಿ ಅಂತ ಸ್ಪಷ್ಟವಾಗಿ ಕೇಳಿ. ಯಾವ ಐಪಿ ಯಾವ ಊರಲ್ಲಿದೆ ಅಂತ ಕನೆಕ್ಷನ್‌ನವರೇ ಪ್ರಕಟಿಸುವ ಪಟ್ಟಿ ಅದು. ಅದರ ರೂಪ 2020ರಲ್ಲಿ ನಿಗದಿಯಾಗಿದೆ. ತಿದ್ದಿದ ಮೇಲೂ ಎಲ್ಲ ಸೈಟುಗಳಿಗೆ ತಲುಪಲು ವಾರಗಳು ಹಿಡಿಯಬಹುದು.

ಅಲ್ಲಿಯವರೆಗೆ ಅತ್ತೆಯವರ ಔಷಧಿ ಆ್ಯಪ್‌ನಲ್ಲಿ ವಿದ್ಯಾನಗರದ ವಿಳಾಸ ಅಳಿಸಿ, ಚಿಂಚವಡದ ಮನೆಯನ್ನು ಪಿನ್‌ಕೋಡ್ ಸಮೇತ ಟೈಪ್ ಮಾಡಿ ಸೇವ್ ಮಾಡಿಡಿ. ದುಡ್ಡು ಕಟ್ಟುವ ಮುಂಚೆ ವಿಳಾಸವನ್ನು ಒಮ್ಮೆ ಅವರೇ ಓದಿ ನೋಡಲಿ.