ತಪ್ಪು ಉತ್ತರ ಬಂದ್ರೆ ಬರ್ಲಿ ಬಿಡಿ ಮೇಷ್ಟ್ರೇ

ಗಣಿತ, ವಿಜ್ಞಾನ ಹೇಳ್ಕೊಡೋ ಮೇಷ್ಟ್ರೊಬ್ರು ಈ ಸಲ ಉದ್ದದ ಪತ್ರ ಬರ್ದಿದಾರೆ. ಸಾರ ಇಷ್ಟು: "ಹೊಸ ಪಾಠಕ್ಕೆ ಮುಂಚೆ ಮಕ್ಕಳಿಗೆ ಏನು ಗೊತ್ತಿದೆ ಅಂತ ಕೇಳ್ಬೇಕಂತೆ. ಕೇಳಿದ್ರೆ ಹತ್ತು ನಿಮಿಷ ಹಾಳು, ಬರೋದೆಲ್ಲ ತಪ್ಪುತಪ್ಪು ಉತ್ತರ, ಒಬ್ಬ ಹೇಳಿದ್ದು ಉಳಿದೋರಿಗೂ ಅಂಟ್ಕೊಳತ್ತೆ. ಹಳೇದೆಲ್ಲ ಮರ್ತುಬಿಡಿ ಅಂತ ಹೇಳಿ ಸೊನ್ನೆಯಿಂದ ಶುರು ಮಾಡೋದೇ ವಾಸಿ ಅಲ್ವಾ?"

ಅಲ್ಲ ಸಾರ್. ಪೋರ್ಷನ್ ಮುಗಿಸೋ ಒತ್ತಡ ಇದೆ, ಒಪ್ಪಿದೆ, ಒಂದು ಪೀರಿಯಡ್ಡಲ್ಲಿ ಹತ್ತು ನಿಮಿಷ ಅಂದ್ರೆ ಸಣ್ಣ ಮಾತಲ್ಲ. ಆದ್ರೆ ನೀವು ಹೇಳೋ ಆ ಸೊನ್ನೆ ಯಾವ ಮಗುವಿನ ತಲೇಲಿದೆ ತೋರ್ಸಿ ನೋಡೋಣ.

0.25 ದೊಡ್ದಾ 0.3 ದೊಡ್ದಾ ಅಂತ ಕ್ಲಾಸಲ್ಲಿ ಕೇಳಿ. ಒಬ್ಬ 0.25 ಅಂತಾನೆ, ಯಾಕಂದ್ರೆ ಮೂರಕ್ಕಿಂತ ಇಪ್ಪತ್ತೈದು ದೊಡ್ಡದು ತಾನೆ, ಇಷ್ಟು ವರ್ಷ ನಾವೇ ಹಾಗೆ ಹೇಳ್ಕೊಟ್ಟಿದೀವಿ. ಇನ್ನೊಬ್ಬಳು 0.3 ಅಂತಾಳೆ, ನೀವು ಶಭಾಷ್ ಅಂದು ಮುಂದೆ ಹೋಗ್ತೀರಿ. ಒಂದ್ನಿಮಿಷ ನಿಂತು ಯಾಕಮ್ಮಾ ಅಂತ ಕೇಳಿದ್ರೆ, ಪಾಯಿಂಟ್ ಆದ್ಮೇಲೆ ಅಂಕಿ ಕಮ್ಮಿ ಇದ್ರೆ ದೊಡ್ಡದು ಸಾರ್, ನೂರರಲ್ಲಿ ಒಂದು ಭಾಗಕ್ಕಿಂತ ಹತ್ತರಲ್ಲಿ ಒಂದು ಭಾಗ ದೊಡ್ಡದಲ್ವಾ ಅಂದ್ರೂ ಅನ್ನಬಹುದು. ಅದೇ ಹುಡುಗಿ 0.45ಕ್ಕಿಂತ 0.3 ದೊಡ್ಡದು ಅಂತ್ಲೂ ಅಷ್ಟೇ ಧೈರ್ಯವಾಗಿ ಹೇಳ್ತಾಳೆ. ಇಬ್ರೂ ದಡ್ಡರಲ್ಲ, ಒಬ್ಬ ಪೂರ್ಣಸಂಖ್ಯೆ ಪಾಠಾನ, ಇನ್ನೊಬ್ಬಳು ಭಿನ್ನರಾಶಿ ಪಾಠಾನ ಹೊಸ ಜಾಗಕ್ಕೆ ತಂದು ಹಾಕಿದಾರೆ. ಕೊನೇಲೊಂದು ಸೊನ್ನೆ ಸೇರ್ಸಿ 0.30 ಮಾಡ್ಕೊಳ್ರೋ ಅಂತ ನಾವು ಕೊಡೋ ಉಪಾಯ ಇದೆಯಲ್ಲ, ಅದು ಇನ್ನೂ ಚೆನ್ನಾಗಿದೆ: ಆ ಹುಡುಗ 25 ಮತ್ತು 30 ಅಂತ ಓದ್ಕೊಂಡು ಸರಿ ಉತ್ತರ ಬರೀತಾನೆ, ಹಳೇ ನಂಬಿಕೆ ಇದ್ದಲ್ಲೇ ಗಟ್ಟಿಯಾಗಿ ಕೂತಿರತ್ತೆ!

ಡೇವಿಡ್ ಆಸುಬೆಲ್ ಅನ್ನೋ ಮನಶ್ಶಾಸ್ತ್ರಜ್ಞ 1968ರಲ್ಲೇ ಹೇಳಿದ್ದು ಇದನ್ನೇ, ಕಲಿಕೆ ಮೇಲೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರೋದು ಮಗುವಿಗೆ ಈಗಾಗಲೇ ಏನು ಗೊತ್ತಿದೆ ಅನ್ನೋದು, ಮೊದ್ಲು ಅದನ್ನ ತಿಳ್ಕೊಂಡು ಆಮೇಲೆ ಪಾಠ ಮಾಡಿ ಅಂತ.

ತಿಳ್ಕೊಳ್ದೆ ಪಾಠ ಮಾಡಿದ್ರೆ ಏನಾಗತ್ತೆ? ವೊಸ್ನಿಯಾಡು ಮತ್ತೆ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ನಂಗೆ ತುಂಬಾ ಇಷ್ಟ. ಭೂಮಿ ಗುಂಡಗಿದೆ ಅಂತ ಮಕ್ಕಳಿಗೆ ಎಲ್ರೂ ಹೇಳಿದಾರೆ, ಕಣ್ಣಿಗೆ ಕಾಣೋದು ಚಪ್ಪಟೆ ನೆಲ. ಪಾಪ ಮಕ್ಕಳು ಎರಡನ್ನೂ ಬಿಡ್ಲಿಲ್ಲ. ಕೆಲವರ ಭೂಮಿ ಬಿಲ್ಲೆ ಥರ ಗುಂಡಗೆ, ಚಪ್ಪಟೆಯಾಗಿ. ಕೆಲವರದ್ದು ಟೊಳ್ಳು ಚೆಂಡು, ನಾವು ಅದರ ಒಳಗೆ ಸಮತಟ್ಟು ನೆಲದ ಮೇಲಿದೀವಿ. ಇನ್ನು ಕೆಲವರಿಗೆ ಭೂಮಿಗಳೇ ಎರಡು, ನಾವಿರೋದೊಂದು, ಆಕಾಶದಲ್ಲಿರೋ ಗುಂಡಗಿನದ್ದು ಇನ್ನೊಂದು! ಪರೀಕ್ಷೇಲಿ ಇವರೆಲ್ಲ "ಭೂಮಿ ಗುಂಡಗಿದೆ" ಅಂತ ಬರೆದು ಫುಲ್ ಮಾರ್ಕ್ಸ್ ತಗೋತಾರೆ. ಅಂಟ್ಕೊಳತ್ತೆ ಅಂತ ಹೆದರ್ತೀರಲ್ಲ, ಅದು ಮೊದ್ಲಿಂದ ಅಲ್ಲೇ ಇತ್ತು ಸಾರ್, ನಿಮ್ಮ ಕಿವಿಗೆ ಬಿದ್ದಿರ್ಲಿಲ್ಲ ಅಷ್ಟೆ.

ಇನ್ನೊಂದು ವಿಷ್ಯ, ಯಾವಾಗ ನೆನಪಿಸ್ತೀವಿ ಅನ್ನೋದೂ ಮುಖ್ಯ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತೆ ಜಾನ್ಸನ್ ಒಂದು ಪ್ಯಾರಾ ಓದಿ ಹೇಳಿದ್ರು, ವಸ್ತುಗಳನ್ನ ಗುಂಪು ಮಾಡಿ, ಒಂದೇ ಸಲ ಜಾಸ್ತಿ ಹಾಕ್ಬೇಡಿ, ಈ ಥರ. ತಲೆಬುಡ ಗೊತ್ತಾಗಲ್ಲ. ಇದು ಬಟ್ಟೆ ಒಗೆಯೋ ವಿಷ್ಯ ಅಂತ ಮೊದ್ಲೇ ಹೇಳಿಸ್ಕೊಂಡೋರು ಸುಮಾರು ಎರಡು ಪಟ್ಟು ನೆನಪಿಟ್ಕೊಂಡ್ರು. ಓದಾದ್ಮೇಲೆ ಹೇಳಿಸ್ಕೊಂಡೋರಿಗೆ ಏನೂ ಉಪಯೋಗ ಆಗ್ಲಿಲ್ಲ. ಒಗೆಯೋದು ಎಲ್ರಿಗೂ ಗೊತ್ತಿದ್ದದ್ದೇ, ಆದ್ರೆ ಹೊತ್ತಿಗೆ ಸರಿಯಾಗಿ ನೆನಪಾಗ್ಲಿಲ್ಲ. ನಿಮ್ಮ ಆ ಹತ್ತು ನಿಮಿಷ ಪಾಠದ ಮುಂಚೇನೇ ಯಾಕಿರ್ಬೇಕು ಅಂದ್ರೆ ಇದಕ್ಕೇ.

ಮತ್ತೆ ಈ "ಓದಿದ್ದು ಅರ್ಥ ಆಗಲ್ಲ, ವೀಕ್ ಸ್ಟೂಡೆಂಟ್" ಅನ್ನೋ ಮಾತು ಕೇಳಿದ್ರೆ ನಂಗೆ ಮೈಯೆಲ್ಲ ಉರಿಯತ್ತೆ. 1988ರಲ್ಲಿ ರೆಕ್ಟ್ ಮತ್ತೆ ಲೆಸ್ಲಿ ಅನ್ನೋರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಿಸಿದ್ರು. ಆಟ ಗೊತ್ತಿದ್ದ ವೀಕ್ ಮಕ್ಕಳು, ಆಟ ಗೊತ್ತಿಲ್ದಿರೋ ಜಾಣ ಓದುಗರನ್ನ ಹಿಂದೆ ಹಾಕಿಬಿಟ್ರು. ನಾವು ಅಳೆದದ್ದು ಓದೋ ಶಕ್ತೀನೋ, ವಿಷಯ ಮೊದ್ಲೇ ಗೊತ್ತಿತ್ತಾ ಅನ್ನೋದನ್ನೋ?

ನಿಮ್ಮೊಬ್ರನ್ನೇ ಬೈದು ಏನು ಪ್ರಯೋಜನ. ಪಠ್ಯಪುಸ್ತಕ ಬರೆಯೋ ಮಹಾನುಭಾವರು ಪಕ್ಕದ ಪುಸ್ತಕ ತಿರುವಿ ನೋಡಲ್ಲ. ಗಣಿತದಲ್ಲಿ ರೇಖೆಯ ಇಳಿಜಾರು ಅಂತ ಹೇಳ್ಕೊಡ್ತಾರೆ, ಭೌತಶಾಸ್ತ್ರದಲ್ಲಿ ದೂರ–ಕಾಲದ ಗ್ರಾಫಿನಿಂದ ವೇಗ ಕಂಡುಹಿಡಿಯೋದು ಅಂತ ಮತ್ತೆ ಹೊಸದಾಗಿ ಹೇಳ್ಕೊಡ್ತಾರೆ, ಎರಡೂ ಒಂದೇ ಲೆಕ್ಕ ಅಂತ ಒಂದು ಸಾಲು ಹಾಕೋಕೆ ಜಾಗ ಇರಲ್ಲ, ಕೊನೇಗೆ ಮಗು ಎರಡನ್ನೂ ಬಾಯಿಪಾಠ ಹೊಡ್ಯತ್ತೆ. ಮೇಲಿನಿಂದ ಬರೋ ಸಾಹೇಬ್ರು ಎಷ್ಟನೇ ಪಾಠ ನಡೀತಿದೆ ಅಂತ ಕೇಳ್ತಾರೆ, ಮಗು ಏನಂದ್ಕೊಂಡಿದೆ ಅಂತ ಕೇಳಿದ ಸಾಹೇಬ್ರನ್ನ ನಾನಂತೂ ನೋಡಿಲ್ಲ.

ಹಾಗಂತ ಬರೀ ಕೇಳಿ ಸುಮ್ನೆ ಬಿಟ್ರೂ ಆಗಲ್ಲ, ಅದು ನಿಜ. 0.25, 0.3, 0.45 ಮೂರನ್ನೂ ಒಂದು ಸಂಖ್ಯಾರೇಖೆ ಮೇಲೆ ಅವರ ಕೈಯಲ್ಲೇ ಗುರುತು ಹಾಕ್ಸಿ, ಇಬ್ರೂ ಜಗಳ ಆಡ್ಲಿ, ನೀವು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ಕೂತಿರಿ (ಇದೇ ಕಷ್ಟದ ಭಾಗ, ಗೊತ್ತು). ಆಮೇಲೆ ಆ ತಪ್ಪು ಉತ್ತರಗಳನ್ನ, ಮಕ್ಕಳು ಕೊಟ್ಟ ಕಾರಣದ ಸಮೇತ, ಹೆಸರು ಹಾಕ್ದೆ ನಂಗೆ ಬರ್ದು ಕಳ್ಸಿ. ಮುಂದಿನ ಸಂಚಿಕೇಲಿ ಒಂದು ಪೂರ್ತಿ ಪುಟ ಅದಕ್ಕೇ ಬಿಡ್ತೀನಿ.